ಗುಡಾಣಗುಂಬಳಕ್ಕೆ ಹೂ ಕೂಡಿಸುವ ಚಿಕ್ಕಹನುಮಕ್ಕ

ತೋವಿನಕೆರೆಯಿಂದ ಒಳಕ್ಕೆ ಹೋಗುವ ಮಣ್ಣುರಸ್ತೆಯ ಪಕ್ಕದ ಆ ಹಿತ್ತಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶ್ರಾವಣದ ತಣ್ಣನೆ ಗಾಳಿ. ಚಿಕ್ಕಹನುಮಕ್ಕ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಂಬಳದ ಬಳ್ಳಿಯ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎಲೆಗಳು ಮೊರದಗಲ ಇವೆ, ಕಾಲಿಡಲು ಜಾಗ ಹುಡುಕಬೇಕು. ಹಿಂದಿನ ಸಂಜೆಯೇ ಅವರು ಒಂದು ಹೆಣ್ಣು ಮೊಗ್ಗಿನ ತುದಿಗೂ ಒಂದು ಗಂಡು ಮೊಗ್ಗಿನ ತುದಿಗೂ ಬಾಳೆನಾರು ಕಟ್ಟಿಟ್ಟಿದ್ದಾರೆ. ತಾವು ಬರುವ ಮುಂಚೆ ಅರಳಿ, ಜೇನು ಒಳಗೆ ನುಗ್ಗಬಾರದು ಎಂದು. ಈಗ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು, ನಡುವಿನ ಹಳದಿ ಕಡ್ಡಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಹೆಣ್ಣು ಹೂವಿನ ಕಟ್ಟು ಬಿಚ್ಚಿ ಅದರೊಳಗೆ ಈ ಕಡ್ಡಿಯನ್ನು ಮೆಲ್ಲಗೆ ಸವರುತ್ತಾರೆ. ಆಮೇಲೆ ಎಸಳನ್ನು ಮೊದಲಿನಂತೆ ಮುಚ್ಚಿ ಮತ್ತೆ ನಾರು ಬಿಗಿಯುತ್ತಾರೆ.

ಹೂವಿನ ಬುಡದಲ್ಲಿ ಗೋಲಿಗಿಂತ ತುಸು ದಪ್ಪನೆಯ ಹೀಚು ಇದೆ. "ಇದೇನಾ ದೊಡ್ಡದಾಗೋದು?" ಎಂದು ನಾನು ಬೆರಳು ತೋರಿಸಿದ್ದೇ ತಡ, ಕೈಗೆ ಪಟ್ಟನೆ ಒಂದು ಏಟು ಬೀಳುತ್ತದೆ.

"ಅಯ್ಯೋ, ಬೆಳ್ಳು ಮಡುಸ್ರಿ ಸ್ವಾಮಿ! ಕುಂಬಳದ ಈಚಿಗೆ ಬೆಳ್ಳು ತೋರ್ಸಿದ್ರೆ ಕೊಳ್ತೋಯ್ತದೆ. ಪೇಪರ್‌ನೋರಿಗೆ ಇಷ್ಟೂ ಗೊತ್ತಿಲ್ವಾ?"

ತೋರಿಸಲೇಬೇಕಿದ್ದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕಂತೆ. ನಂಬುವುದೋ ಬಿಡುವುದೋ ಆಮೇಲಿನ ಮಾತು, ಆ ಬೆಳಗ್ಗೆ ನಾನು ಎರಡೂ ಕೈಯನ್ನು ಜೇಬಿಗಿಳಿಸಿ ನಿಲ್ಲುತ್ತೇನೆ. ಯಾಕೆಂದರೆ ಆ ಹೀಚು ಅಂತಿಂಥದ್ದಲ್ಲ. ಈ ಸೀಮೆಯಲ್ಲಿ ಅದರ ಜಾತಿಯ ಬೀಜ ಬೇರೆ ಯಾರ ಮನೆಯಲ್ಲೂ ಉಳಿದಿಲ್ಲ.

ಗುಡಾಣಗುಂಬಳ ಎಂದರೆ ಹೆಸರೇ ಹೇಳುವಂತೆ ಕಾಳು ತುಂಬಿಡುವ ಗುಡಾಣದಷ್ಟು ದಪ್ಪದ ಸಿಹಿಗುಂಬಳ. ಚೆನ್ನಾಗಿ ಬಂದ ಒಂದು ಕಾಯಿಯನ್ನು ಇಬ್ಬರು ಗೋಣಿಯ ಜೋಲಿ ಮಾಡಿ ಹೊರಬೇಕು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಅದನ್ನು ಬೆಳೆಯುವ ಮನೆಗಳು ಹತ್ತೋ ಹನ್ನೆರಡೋ ಇದ್ದಾವು. ಮದುವೆಮನೆಯ ಅಡುಗೆಯವರು ಹುಡುಕಿಕೊಂಡು ಬರುತ್ತಾರೆ, ಹಪ್ಪಳ ಸಂಡಿಗೆ ಮಾಡುವವರು ಬರುತ್ತಾರೆ. ಆದರೆ ಬೆಳೆಯುವವರಿಗೆ ವ್ಯಾಪಾರಕ್ಕಿಂತ ಹೆಮ್ಮೆಯೇ ಹೆಚ್ಚು. ಯಾರ ಕಾಯಿ ಎಷ್ಟು ಊದಿತು ಎಂಬುದು ಮುಂದಿನ ಯುಗಾದಿಯವರೆಗೂ ಮಾತಾಗುತ್ತದೆ. ಕಾಯಿಯ ಪಕ್ಕ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತ ಯಜಮಾನರ ಫೋಟೋಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅಂಥ ಫೋಟೋಗಳ ಹಿಂದೆ ಇರುವ ಕೈ ಚಿಕ್ಕಹನುಮಕ್ಕನದು. ಆ ಕೈ ಒಂದು ಫೋಟೋದಲ್ಲೂ ಇಲ್ಲ.

ಅವರ ಕೆಲಸ ಹೂ ಕೂಡಿಸುವುದು. ಹೂವಿನ ಕಾಲ ಬಂತೆಂದರೆ ಬೆಳೆಗಾರರು ಹೇಳಿಕಳಿಸುತ್ತಾರೆ. ಒಂದು ಜೊತೆ ಸೀರೆ, ಎಲೆಅಡಿಕೆ ಚೀಲ, ಒಂದು ಸಿಂಬೆ ಬಾಳೆನಾರು ಕಟ್ಟಿಕೊಂಡು ಅವರು ಬಸ್ಸು ಹತ್ತುತ್ತಾರೆ. ಇವತ್ತು ಐ.ಡಿ.ಹಳ್ಳಿ ಕಡೆಯಾದರೆ ನಾಲ್ಕು ದಿನ ಬಿಟ್ಟು ಸಿರಾ, ಅಲ್ಲಿಂದ ಪಾವಗಡದ ಗಡಿ. ಬೆಳೆದವರ ಮನೆಯಲ್ಲೇ ಊಟ, ಅವರ ಹಜಾರದಲ್ಲೇ ನಿದ್ದೆ. ಸಂಜೆ ಮೊಗ್ಗು ಕಟ್ಟುವುದು, ಬೆಳಗಿನ ಜಾವ ಕೂಡಿಸುವುದು. ಬಿಸಿಲೇರಿದ ಮೇಲೆ ಹೂ ಬಾಡಿಬಿಡುವುದರಿಂದ ದಿನದ ದುಡಿಮೆಯೆಲ್ಲ ಜನ ಹಲ್ಲುಜ್ಜುವ ಹೊತ್ತಿಗೆ ಮುಗಿದಿರುತ್ತದೆ. "ಇವ್ಳದ್ದೇನು ಸುಖದ ಕೆಲ್ಸ, ಹೂವ ಮುಟ್ಟಿ ಉಂಡ್ಕಂಡ್ ಬರೋದು ಅಂತಾರೆ," ಎಂದು ಅವರು ನಗುತ್ತಾರೆ. "ಬಗ್ಗಿ ಬಗ್ಗಿ ಸೊಂಟ ಬಿದ್ದೋಗಿರೋದು ಅವ್ರಿಗೇನ್ ಗೊತ್ತು."

ಜೇನುಹುಳವೇ ಮಾಡುವ ಕೆಲಸಕ್ಕೆ ಆಳು ಯಾಕೆ ಎಂದು ಯಾರಿಗಾದರೂ ಅನಿಸಬಹುದು. ಹತ್ತಿರದ ಹೊಲದಲ್ಲಿ ಸಂತೆಗೆ ಹೋಗುವ ಸಣ್ಣ ಕುಂಬಳ ಇತ್ತೆನ್ನಿ. ಜೇನು ಅದರ ಹೂವಿನ ಪುಡಿಯನ್ನು ತಂದು ಇಲ್ಲಿಯ ಹೂವಿಗೆ ಮೆತ್ತುತ್ತದೆ. ಆ ವರ್ಷದ ಕಾಯಿ ಎಂದಿನಂತೆ ದೊಡ್ಡದಾಗಿಯೇ ಬರುತ್ತದೆ, ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಬೀಜ ಮಾತ್ರ ಬೆರಕೆಯಾಗಿರುತ್ತದೆ. ಅದನ್ನು ಬಿತ್ತಿದಾಗಲೇ ಗುಟ್ಟು ರಟ್ಟಾಗುವುದು.

ಬೀಜದ ವಿಷಯದಲ್ಲಿ ಈ ಬೆಳೆಗಾರರದು ಒಂದು ಕಟ್ಟುಪಾಡು. ವರ್ಷಕ್ಕೆ ಒಂದು ಕಾಯಿಯನ್ನು, ಎಲ್ಲರ ಕಾಯಿಗಳಲ್ಲಿ ಮೇಲಾದದ್ದನ್ನು, ಬೀಜದ ಕಾಯಿ ಎಂದು ಆರಿಸುತ್ತಾರೆ. ಬೆಳೆದವರೇ ಅದನ್ನು ಸೀಳುವಂತಿಲ್ಲ. ಬೇರೆ ಊರಿನ ಒಬ್ಬ ಬೆಳೆಗಾರನಿಗೆ "ಬಂದು ಸೀಳಿಕೊಡಿ" ಎಂದು ಹೇಳಿಕಳಿಸಬೇಕು. ಕರೆಸಿಕೊಂಡವರು ತಮ್ಮ ಮಚ್ಚು ತಾವೇ ತರುತ್ತಾರೆ. ಎಲ್ಲರೂ ಸೇರಿದ ಕಡೆ ಕಾಯಿ ಸೀಳಿ ಮೊದಲ ಬೊಗಸೆ ಬೀಜವನ್ನು ಅವರು ತೆಗೆದುಕೊಳ್ಳುತ್ತಾರೆ, ಆಮೇಲೆ ಉಳಿದ ಮನೆಗಳಿಗೆ ಹಂಚಿಕೆ. ಹಾಗೆ ಕರೆಸಿಕೊಳ್ಳುವುದೇ ಇಲ್ಲಿ ದೊಡ್ಡ ಮರ್ಯಾದೆ, ನೀನೂ ನಮ್ಮವನು, ಬಲ್ಲವನು ಎಂದು ಒಪ್ಪಿದ ಹಾಗೆ. ಇಲ್ಲಿಯವರೆಗೆ ಒಬ್ಬ ಹೆಂಗಸನ್ನೂ ಕರೆದಿಲ್ಲ. ಇಡೀ ಕುಂಬಳವೆಂದರೆ ಮನೆಯ ಹಿರಿಮಗನಿದ್ದಂತೆ, ಹೆಂಗಸು ಅದರ ಮೇಲೆ ಮಚ್ಚು ಇಡಬಾರದು ಎಂಬ ಹಳೆಯ ನಂಬಿಕೆ ಇದಕ್ಕೆ ಕಾರಣ.

ಚಿಕ್ಕಹನುಮಕ್ಕನ ಆಸೆ ಇಷ್ಟೇ. ಒಮ್ಮೆಯಾದರೂ ತನ್ನನ್ನು ಕಾಯಿ ಸೀಳಲು ಕರೆಯಬೇಕು.

"ಎಲ್ಲಾರ ಕಾಯ್ಗೂ ಲಗ್ನ ಮಾಡ್ಸೋಳು ನಾನು. ಸೀಳೋ ದಿನ ನಾನು ಒಲೆ ಮುಂದೆ ಇರ್ತೀನಿ. ಹೊರಗೆ ಗಂಡಸ್ರು ಓ ಅಂತ ಕೂಗುದ್ರೆ, ಓಹೋ ಸೀಳುದ್ರು ಅಂತ ನಂಗೆ ಗೊತ್ತಾಯ್ತದೆ," ಎನ್ನುತ್ತಾರೆ. ದೂರುವ ದನಿಯೇನಲ್ಲ. ಆದರೆ ಹೇಳುತ್ತಲೇ ಬಾಳೆನಾರನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

ಈ ವಿದ್ಯೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದವರು ಸಿರಾದ ಜಹೀರ್ ಅಹಮದ್. ಪಟ್ಟಣದ ಅಂಚಿನಲ್ಲಿ ಅವರದೊಂದು ತೋಟವಿದೆ. ಮದುವೆಯಾದ ಹೊಸತರಲ್ಲಿ ಚಿಕ್ಕಹನುಮಕ್ಕ ಅಲ್ಲಿಗೆ ಕಳೆ ಕೀಳುವ ಕೂಲಿಗೆ ಹೋಗಿದ್ದರಂತೆ. ಕಳೆ ಕೀಳುತ್ತಲೇ ಸಾಹೇಬರು ಹೂವಿಗೇನು ಮಾಡುತ್ತಾರೆ ಎಂದು ಓರೆಗಣ್ಣಲ್ಲಿ ನೋಡಿ ಕಲಿತು, ತಾವೂ ಗುಟ್ಟಾಗಿ ಒಂದು ಹೂ ಕೂಡಿಸಿದ್ದು ಒಂದು ದಿನ ಸಿಕ್ಕಿಬಿತ್ತು.

ಜಹೀರ್ ಅಹಮದ್ ಅವರಿಗೆ ಈಗ ವಯಸ್ಸಾಗಿದೆ, ನಗು ಹಾಗೇ ಇದೆ. "ಬೈಯೋಣ ಅಂತ ಹೋದೆ ಸಾರ್. ಈ ಅಕ್ಕ ಕೂಡ್ಸಿದ್ದ ಹೂವು ನೋಡ್ದೆ. ಎಸಳು ಒಂದೂ ಹರಿದಿಲ್ಲ! ನಾನು ಹೇಳ್ದೆ, ನೋಡಕ್ಕ, ಹೂವಿಗೆ ಜಬರ್‌ದಸ್ತಿ ನಕ್ಕೋ, ಬಲವಂತ ಬೇಡ. ಶಾದಿ ಮಾಡ್ಸೋ ಥರ ಮಾಡು, ಆರಾಮಾಗಿ. ಬಸ್, ಅಷ್ಟೇ ನಾನು ಕಲ್ಸಿದ್ದು. ಈಗ ನನ್ ಕೈ ನಡುಗ್ತದೆ, ನನ್ ತೋಟಕ್ಕೂ ಅವ್ಳೇ ಬರ್ಬೇಕು."

ಬೀಜ ಊರುವ ಗುಂಡಿಯ ವಿದ್ಯೆ ಬೇರೆಯೇ, ಅದನ್ನು ಬಲ್ಲವರು ಐ.ಡಿ.ಹಳ್ಳಿ ಕಡೆಯ ಕದಿರಯ್ಯ. ಬೆಳೆಗಾರರಲ್ಲೆಲ್ಲ ಹಿರಿಯರು, ಮಾತು ಕಡಿಮೆ, ಮುಖ ಗಂಟು. ಬೇಸಿಗೆಯಲ್ಲೇ ಸೊಂಟದುದ್ದ ಗುಂಡಿ ತೋಡಿ, ಕುರಿಗೊಬ್ಬರ, ಕೆರೆಯ ಗೋಡುಮಣ್ಣು, ಒಣಸೊಪ್ಪು ಒಂದರ ಮೇಲೊಂದು ತುಂಬಿ ಮಳೆಗೆ ಬಿಡುತ್ತಾರೆ. ಬಳ್ಳಿ ಹರಿದಂತೆಲ್ಲ ಗೆಣ್ಣುಗೆಣ್ಣಿಗೂ ಒಂದು ಹಿಡಿ ಮಣ್ಣು ಮುಚ್ಚಿ ಅಲ್ಲಲ್ಲೇ ಬೇರು ಬಿಡಿಸುತ್ತಾರೆ. ಒಂದು ಬಳ್ಳಿಗೆ ಒಂದೇ ಕಾಯಿ, ಉಳಿದ ಹೀಚನ್ನು ಚಿವುಟಿ ಎಸೆಯುವಾಗ ಅದರ ಮುಖ ನೋಡಿ ಮರುಗಬಾರದು ಎನ್ನುತ್ತಾರೆ. ಬೀಜದ ಕಾಯಿ ಎಂದರೆ ವರ್ಷ ವರ್ಷವೂ ಕದಿರಯ್ಯನವರದೇ. ಎಲ್ಲರ ಮನೆಯ ಬೀಜಕ್ಕೂ ಅವರ ಹೊಲವೇ ತಾಯಿಬೇರು.

ಅನರ್ಥ ಆದದ್ದೂ ಅಲ್ಲಿಂದಲೇ. ಎರಡು ವರ್ಷದ ಹಿಂದೆ ಕದಿರಯ್ಯ ಹೂ ಕೂಡಿಸಲು ಚಿಕ್ಕಹನುಮಕ್ಕನಿಗೆ ಹೇಳಿಕಳಿಸಲಿಲ್ಲ. ಮನೆಯವರು ನೆನಪಿಸಿದಾಗ "ಜೇನು ಸತ್ತೋಗವ್ಯಾ?" ಎಂದರಂತೆ. ಪಕ್ಕದ ಹೊಲದವರು ಆ ಸಲ ರಾಗಿ ಬಿಟ್ಟು ಸಂತೆಯ ಕುಂಬಳ ಹಾಕಿದ್ದು ಅವರ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕಾಯಿ ಭರ್ಜರಿಯಾಗಿ ಬಂತು. ಸೀಳಿದರು, ಓ ಎಂದು ಕೂಗಿದರು, ಬೀಜ ಹಂಚಿಕೊಂಡರು. ಹೊಸ ಬೀಜ ಮನೆಗೆ ಬಂದ ಮೇಲೆ ಹಳೆಯದನ್ನು ಉಳಿಸಿಕೊಳ್ಳಬಾರದು, ಬಿತ್ತನೆಯ ದಿನ ಹುರಿದು ಮನೆಮಂದಿಯೆಲ್ಲ ತಿನ್ನಬೇಕು ಎಂಬುದು ಇವರ ಇನ್ನೊಂದು ಪದ್ಧತಿ. ಎಲ್ಲ ಮನೆಯಲ್ಲೂ ಉಪ್ಪುಖಾರ ಹಾಕಿ ಚೆನ್ನಾಗಿ ಹುರಿದು ತಿಂದರು.

ಕಳೆದ ವರ್ಷ ಆ ಹೊಸ ಬೀಜದ ಬಳ್ಳಿಗಳು ಹಬ್ಬಿದವು. ಬಿಟ್ಟ ಕಾಯಿ ನೋಡಿದರೆ ಯಾವುದೂ ಚೊಂಬಿಗಿಂತ ದೊಡ್ಡದಿಲ್ಲ. ಉದ್ದುದ್ದ, ಪಟ್ಟೆಪಟ್ಟೆ. ಐ.ಡಿ.ಹಳ್ಳಿ, ಸಿರಾ, ಪಾವಗಡ ಎಲ್ಲ ಕಡೆಯೂ ಅದೇ ಗೋಳು. ಹಳೆಯ ಬೀಜ ಎಲ್ಲಿ ಎಂದರೆ ಎಲ್ಲರ ಹೊಟ್ಟೆಯಲ್ಲಿ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಯಾರೂ ಏನೂ ಕೇಳದಿದ್ದರೂ ಕದಿರಯ್ಯ ಸಿಕ್ಕಿದವರಿಗೆಲ್ಲ "ನಾನೇನ್ ಮಾಡ್ಲಿ, ಜೇನು ಮಾಡಿದ್ದು" ಎನ್ನತೊಡಗಿದರಂತೆ.

ಒಂದೇ ಒಂದು ಬಳ್ಳಿಯಲ್ಲಿ ಮಾತ್ರ ನಿಜವಾದ ಗುಡಾಣಗುಂಬಳ ಊದುತ್ತಿತ್ತು. ಅದು ಚಿಕ್ಕಹನುಮಕ್ಕನ ಹಿತ್ತಲಿನ ಬಳ್ಳಿ.

ಅವರಿಗೆ ಬೀಜ ಎಲ್ಲಿಂದ ಬಂತು? ಬೆರಕೆಯಾಗುವ ಮುಂಚಿನ ವರ್ಷ, ಕದಿರಯ್ಯನವರ ಹೊಲದಲ್ಲಿ ಚಿಕ್ಕಹನುಮಕ್ಕನೇ ಹೂ ಕೂಡಿಸಿದ್ದ ಕಾಯಿಯನ್ನು ಸೀಳಿದಾಗ ಕೆಲಸದವರಿಗೂ ಸಾರಿಗೆಂದು ಒಂದೊಂದು ಹೋಳು ಕೊಟ್ಟಿದ್ದರು. ಅವರ ಪಾಲಿನ ಹೋಳಿನ ತಿರುಳಿಗೆ ಒಂದಷ್ಟು ಬೀಜ ಅಂಟಿಕೊಂಡು ಬಂದಿತ್ತು. ತೊಳೆದು, ನೆರಳಲ್ಲಿ ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮೇಲಿನ ಗೂಡಿನಲ್ಲಿಟ್ಟರು. "ಅವ್ರೆಲ್ಲ ಬೆಳೆಯೋರು, ಹೊಸಾದು ಬರ್ತದೆ, ಹಳೇದು ಹುರ್ಕಂಡ್ ತಿಂತಾರೆ. ನಂಗ್ಯಾರು ಹೊಸಾದು ಕೊಡ್ತಾರೆ? ಅದಕ್ಕೇ ಹುರೀಲಿಲ್ಲ. ನಾನೂ ಒಂದ್ ಕೈ ನೋಡೇಬುಡಾನ ಅಂತ ಇಟ್ಕಂಡಿದ್ದೆ," ಎನ್ನುತ್ತಾರೆ.

ಹಾಗೆ ಕಳೆದ ವರ್ಷ ಮೊದಲ ಬಾರಿ ಸ್ವಂತಕ್ಕೆ ಬೆಳೆದರು. ಗುಂಡಿ ಕದಿರಯ್ಯನವರಂತೆ, ಹೂ ಜಹೀರ್ ಸಾಹೇಬರಂತೆ. ಕಾಯಿ ಊದಲು ಶುರುವಾದ ಮೇಲೆ ಕೆಳಗೆ ಹಾಸಿಗೆ ಹಾಕಬೇಕು, ಇಲ್ಲದಿದ್ದರೆ ಮಣ್ಣಿನ ಪಸೆಗೆ ಬುಡ ಕೊಳೆಯುತ್ತದೆ. ಅದನ್ನು ಬಲ್ಲವರು ಪಾವಗಡದ ಗಡಿ ಹಳ್ಳಿಯ ಓಬಳಮ್ಮ. ಹರೆಯದಿಂದ ಇಂದಿನವರೆಗೂ ಗುಡಾಣಗುಂಬಳ ಬೆಳೆಯುತ್ತಿರುವ, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಮುದುಕಿ. ಅವರ ಊರಿನಲ್ಲಿ ಎಲ್ಲಿ ನೋಡಿದರೂ ಕಡಲೆಕಾಯಿ. ಅದರ ಸಿಪ್ಪೆಯನ್ನೇ ಮೆತ್ತಗೆ ಹಾಸಿ ಕಾಯಿ ಕೂರಿಸುತ್ತಾರೆ. ಚಿಕ್ಕಹನುಮಕ್ಕ ಅಲ್ಲಿಂದ ಎರಡು ಚೀಲ ಸಿಪ್ಪೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದು ಹಾಸಿದರು.

ಕಾಯಿ ಊದಿತು. ನೋಡಲು ಜನ ಬಂದರು. ಒಂದು ಬೆಳಗ್ಗೆ ಅದು ಒಂದು ಪಕ್ಕಕ್ಕೆ ವಾಲಿದ್ದು ಕಂಡು ಹೊರಳಿಸಿ ನೋಡಿದರೆ ಅಡಿಯೆಲ್ಲ ಗೆದ್ದಲು. ಓಬಳಮ್ಮನ ಮರಳು ನೆಲದಲ್ಲಿ ಏನೂ ಮಾಡದ ಕಡಲೆಸಿಪ್ಪೆ ಇಲ್ಲಿಯ ಕೆಮ್ಮಣ್ಣಿನಲ್ಲಿ ಗೆದ್ದಲನ್ನು ಕರೆದು ಕೂರಿಸಿತ್ತು. ಒಳಗಿನ ಬೀಜ ಇನ್ನೂ ಬಲಿತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಅವತ್ತು ಅವ್ಳು ಅಳ್ನೂ ಇಲ್ಲ ಸ್ವಾಮಿ. ಅದೇ ನಂಗೆ ಭಯ ಆಗಿದ್ದು," ಎನ್ನುತ್ತಾರೆ ತೋವಿನಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಗಂಡ ಜಯರಾಮಯ್ಯ. ಸುದ್ದಿ ಕೇಳಿ ಓಬಳಮ್ಮ ಮೂರು ಬಸ್ಸು ಬದಲಾಯಿಸಿ ಬಂದು ಹಿತ್ತಲಲ್ಲಿ ಕೂತು ತಾವೇ ಅತ್ತರಂತೆ. "ಮೀ ನೆಲದಾಗ ಗೆದ್ದಲು ಐತಂತ ನಾಕೇಮಿ ಗೊತ್ತು ತಲ್ಲೀ, ನಾನೇ ಕೆಡಿಸ್ದೆ ಕದಾ," ಎಂದು. ಅತ್ತವರನ್ನು ಸಮಾಧಾನ ಮಾಡಿ, ಮುದ್ದೆ ಉಣ್ಣಿಸಿ ಬಸ್ಸು ಹತ್ತಿಸಿದ್ದು ಚಿಕ್ಕಹನುಮಕ್ಕ.

ಗಂಟಿನಲ್ಲಿ ಇನ್ನೂ ನಾಲ್ಕಾರು ಬೀಜ ಉಳಿದಿದ್ದವು. ಈ ಮುಂಗಾರಿಗೆ ಅವನ್ನು ಊರಿದರು. ಕೆಲವು ಮೊಳೆಯಲಿಲ್ಲ, ಒಂದನ್ನು ಅಳಿಲು ಚಿಗುರಲ್ಲೇ ಕತ್ತರಿಸಿತು, ಒಂದು ಬಳ್ಳಿ ನಿಂತಿತು. ಆ ಬಳ್ಳಿಯ ಹೀಚಿಗೇ ನಾನು ಶ್ರಾವಣದಲ್ಲಿ ಬೆರಳು ತೋರಿಸಲು ಹೋಗಿ ಏಟು ತಿಂದದ್ದು.

ಈ ಸಲ ಹಾಸಿಗೆ ಅವರದೇ ಬುದ್ಧಿ. ಕೆಳಗೆ ಕಲ್ಲುಚಪ್ಪಡಿ, ಮೇಲೆ ಒಲೆಯ ಬೂದಿ, ಅದರ ಮೇಲೆ ಬೇವಿನ ಸೊಪ್ಪು. ಸೊಪ್ಪು ಒಣಗಿದಂತೆಲ್ಲ ಹೊಸದು. ಮಧ್ಯಾಹ್ನದ ಬಿಸಿಲಿಗೆ ಸಿಪ್ಪೆ ಬಿರಿಯದಿರಲೆಂದು ಕಾಯಿಯ ಮೇಲೊಂದು ಹಳೆಯ ಕೊಡೆ. "ನಮ್ ಮಕ್ಳಿಗೇ ಹಿಂಗೆ ಕೊಡೆ ಹಿಡ್ದಿಲ್ಲ ಇವ್ಳು," ಎಂದು ಜಯರಾಮಯ್ಯ ರೇಗಿಸುತ್ತಾರೆ. "ನಿಮ್ ಮಕ್ಳು ಒಂದ್ ಕಡೆ ಕೂತ್ರೆ ತಾನೇ ಹಿಡಿಯೋದು," ಎಂದು ಇವರು ಅಲ್ಲಿಂದಲೇ ಉತ್ತರ ಕೊಡುತ್ತಾರೆ.

ಕಾಯಿ ಗೆದ್ದಿತು. ದೀಪಾವಳಿಗೆ ಮೊದಲೇ ತೊಟ್ಟು ಒಣಗಿ, ಮೈ ಬಂಗಾರದ ಬಣ್ಣಕ್ಕೆ ತಿರುಗಿತು. ಬಳ್ಳಿಯಿಂದ ಬಿಡಿಸಿ ಹಜಾರಕ್ಕೆ ತರಲು ಜಯರಾಮಯ್ಯನ ಜೊತೆಗೆ ಅಕ್ಕಪಕ್ಕದವರೂ ಬೇಕಾಯಿತು. ಬೀಜದ ಕಾಯಿ ಯಾವುದೆಂದು ಈ ವರ್ಷ ಆರಿಸುವ ಪ್ರಶ್ನೆಯೇ ಇಲ್ಲ. ಸೀಳಲು ಯಾರನ್ನು ಕರೆಯುತ್ತಾರೆ ಎಂಬುದಷ್ಟೇ ಎಲ್ಲರ ಬಾಯಲ್ಲೂ.

ಒಂದು ದಿನ ಕದಿರಯ್ಯ ತಾವಾಗಿಯೇ ಬರುತ್ತಾರೆ. ಹೂ ಕೂಡಿಸುವವಳ ಮನೆಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಮಳೆಯ ಮಾತು, ರಾಗಿಯ ಮಾತು ಎಲ್ಲ ಆದ ಮೇಲೆ ಕಾಯಿಯ ಹತ್ತಿರ ಹೋಗಿ ಸುತ್ತ ಒಂದು ಸಲ ಕೈಯಾಡಿಸುತ್ತಾರೆ. ಆ ವರ್ಷ ನಿನಗೆ ಹೇಳಿಕಳಿಸದೆ ತಪ್ಪು ಮಾಡಿದೆ ಎನ್ನುವುದು ಅವರ ನಾಲಿಗೆಯ ತುದಿಯವರೆಗೆ ಬಂದಂತೆ ಕಾಣುತ್ತದೆ. ಹೊರಗೆ ಬರುವುದು ಬೇರೆ ಮಾತು.

"ಸೀಳಕ್ಕೆ ಯಾರಿಗಾದ್ರೂ ಹೇಳಿದೀಯೇನಮ್ಮ?"

"ಹೇಳಿ ಕಳ್ಸಿದೀನಿ ಯಜಮಾನ್ರೆ. ನೀವೂ ಬರ್ಬೇಕು ಅವತ್ತು."

ಕದಿರಯ್ಯ ಯಾರಿಗೆ ಎಂದು ಕೇಳುವುದಿಲ್ಲ. ತಮಗಲ್ಲ ಎಂದು ತಿಳಿದಮೇಲೆ ಕೇಳಿ ಪ್ರಯೋಜನವೇನು? ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟಾಂಡಿನ ಕಡೆ ನಡೆಯುತ್ತಾರೆ. ಅವರು ಹೋದ ಮೇಲೆ ನಾನು, ನೀವೇ ಸೀಳಬಹುದಿತ್ತಲ್ಲ, ನಿಮ್ಮ ಹಿತ್ತಲು, ನಿಮ್ಮ ಕಾಯಿ, ಕಟ್ಟುಪಾಡು ಮುರಿದರೆ ಈಗ ಯಾರು ಏನೆಂದಾರು ಎಂದು ಕೇಳುತ್ತೇನೆ. ಚಿಕ್ಕಹನುಮಕ್ಕನಿಗೆ ಆ ಮಾತು ರು‌ಚಿಸುವುದಿಲ್ಲ.

"ನನ್ ಕಾಯಿ ನಾನೇ ಸೀಳ್ಕಂಡ್ರೆ ಅದು ಸಾರಿಗಾಯ್ತು. ಇನ್ನೊಬ್ರು ಬಂದು ಸೀಳುದ್ರೆ ಬೀಜಕ್ಕಾಯ್ತು. ಕರೆಯೋರು ಕರೀಬೇಕು, ಬರೋರು ಬರಬೇಕು. ಅದ್ಬುಟ್ಟು ಮಚ್ಚು ಹಿಡ್ಕಳೋದೇನ್ ದೊಡ್ಡದು, ದಿನಾ ಸೌದೆ ಸೀಳ್ತೀನಿ."

ಸೀಳುವ ದಿನ ಹಿತ್ತಲಿನಲ್ಲಿ ಚಾಪೆ ಹಾಸಿದೆ. ಜಹೀರ್ ಅಹಮದ್ ಸಿರಾದಿಂದ ಬಂದು ಕುರ್ಚಿಯಲ್ಲಿ ಕೂತಿದ್ದಾರೆ. ಕದಿರಯ್ಯ ಹಲಸಿನ ಮರಕ್ಕೆ ಒರಗಿ ನಿಂತಿದ್ದಾರೆ. ಉಳಿದ ಬೆಳೆಗಾರರೂ ಇದ್ದಾರೆ. ಕಾಯಿ ನಡುವೆ ಕಲ್ಲುಚಪ್ಪಡಿಯ ಮೇಲಿದೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು. ಬೆಳಗಿನ ಬಸ್ಸಿಗೆ ಬಂದವರು ಗೇಟು ತೆಗೆದು ಒಳಗೆ ಬಂದಾಗ ಎಲ್ಲರ ಕತ್ತೂ ಅತ್ತ ತಿರುಗುತ್ತದೆ. ಪಾವಗಡದ ಓಬಳಮ್ಮ. ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಮಚ್ಚು.

ಅವರಿಗೂ ಇನ್ನೂ ನಂಬಿಕೆ ಬಂದಿಲ್ಲ. ನೆರೆದವರನ್ನು ನೋಡಿ ಗೇಟಿನ ಹತ್ತಿರವೇ ನಿಂತುಬಿಡುತ್ತಾರೆ. "ಏಮ್ಮಾ ಅನುಮಕ್ಕ, ನಿಜಂಗಾ ನನ್ನೇ ಕರೆದಿಯಾ? ಪೆದ್ದೋಳ್ಳು, ದೊಡ್ಡೋರು ಇಷ್ಟು ಮಂದಿ ಕೂತವ್ರೆ, ನಾನು ಸೀಳೋದಾ? ನಿನ್ ಕಾಯಿ ಒಂದ್ಸಾರಿ ಕೆಡಿಸಿರೋಳು ನಾನು."

"ನೀನು ಹಾಸಿಗೆ ಹೇಳ್ಕೊಡ್ದೇ ಇದ್ರೆ ನಂಗೆ ಹಾಸಿಗೆ ಹಾಕ್ಬೇಕು ಅನ್ನೋದೇ ಗೊತ್ತಿರ್ಲಿಲ್ಲ ಕಣವ್ವ. ಬಾ," ಎನ್ನುತ್ತಾರೆ ಚಿಕ್ಕಹನುಮಕ್ಕ.

ಯಾರೋ ಗೊಣಗುತ್ತಾರೆ. ಹೆಂಗಸು ಕುಂಬಳದ ಮೇಲೆ ಮಚ್ಚಿಡುವುದು ಉಂಟೇ ಎಂದು. ಓಬಳಮ್ಮನಿಗೆ ಅದು ಕೇಳಿಸಿ ಎತ್ತಿದ ಕೈ ಹಾಗೇ ಇಳಿಯುತ್ತದೆ. ಸಾಲದ್ದಕ್ಕೆ ಕಾಯಿ ಚಪ್ಪಡಿಯ ಮೇಲೆ ಸ್ವಲ್ಪ ಓಲಾಡುತ್ತಿದೆ, ಏಟು ಬಿದ್ದರೆ ಉರುಳುವ ಹಾಗೆ. ಎಲ್ಲರೂ ಕದಿರಯ್ಯನ ಮುಖ ನೋಡುತ್ತಾರೆ. ಅವರು ಮರ ಬಿಟ್ಟು ಮುಂದೆ ಬಂದು, ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ ಕೂತು, ಕಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

"ಹಾಕವ್ವ. ಅಲ್ಲಾಡಲ್ಲ."

ಓಬಳಮ್ಮ ಮಚ್ಚು ಹಾಕುತ್ತಾರೆ. ಮೂರನೆಯ ಏಟಿಗೆ ಕಾಯಿ ಬಾಯಿ ಬಿಟ್ಟು ಎರಡಾಗುತ್ತದೆ. ಒಳಗೆ ಬೆರಳುದ್ದ ದಪ್ಪದ ಕೇಸರಿ ಗೋಡೆ, ನಡುವೆ ದಪ್ಪ ದಪ್ಪ ಬಿಳಿಯ ಬೀಜ. ಜಹೀರ್ ಅಹಮದ್ ಕುರ್ಚಿಯಿಂದ ಎದ್ದು "ಮಾಶಾ ಅಲ್ಲಾ!" ಎನ್ನುತ್ತಾರೆ, ಉಳಿದವರು ಓ ಎಂದು ಕೂಗುತ್ತಾರೆ. ಈ ಸಲ ಆ ಕೂಗು ಏಳುವಾಗ ಚಿಕ್ಕಹನುಮಕ್ಕ ಒಲೆಯ ಮುಂದಿಲ್ಲ, ಕಾಯಿಯ ಮುಂದಿದ್ದಾರೆ. ಅವರ ಕಣ್ಣಲ್ಲಿ ನೀರು.

ಮೊದಲ ಬೊಗಸೆ ಓಬಳಮ್ಮನ ಸೆರಗಿಗೆ. ಆಮೇಲೆ ಚಿಕ್ಕಹನುಮಕ್ಕ ಒಬ್ಬೊಬ್ಬರಿಗೂ ತಮ್ಮ ಕೈಯಾರೆ ಹಂಚುತ್ತಾರೆ. ಕದಿರಯ್ಯ ಟವೆಲ್ ಚಾಚಿ ಬೀಜ ಹಾಕಿಸಿಕೊಂಡು, ಒಂದನ್ನು ಬೆಳಕಿಗೆ ಹಿಡಿದು ನೋಡಿ, ಗಂಟು ಹಾಕಿ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಉಂಡು, ಎಲೆಅಡಿಕೆ ಹಾಕಿಕೊಂಡು ಹೊರಟವರು ಗೇಟಿನವರೆಗೆ ಹೋಗಿ ಹಿಂದಕ್ಕೆ ಬರುತ್ತಾರೆ.

"ಅನುಮಕ್ಕ, ಬರೋ ವರ್ಷ ನಮ್ ಕಾಯಿ ಸೀಳಕ್ಕೆ ನೀನೇ ಬಂದ್ಬುಡಮ್ಮ."

ಇಷ್ಟು ವರ್ಷ ಕಾದದ್ದು ಈ ಮಾತಿಗೇ. ಆದರೂ ಚಿಕ್ಕಹನುಮಕ್ಕ ಮುಖದಲ್ಲಿ ಏನೂ ತೋರಗೊಡುವುದಿಲ್ಲ. ಹೋಳುಗಳನ್ನು ಬುಟ್ಟಿಗೆ ತುಂಬುತ್ತಲೇ, "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಯಾಕೆ ಯಜಮಾನ್ರೆ? ಮೊದ್ಲು ಕಾಯಿ ಬುಡ್ಲಿ, ನೋಡಾನ," ಎನ್ನುತ್ತಾರೆ. ಕದಿರಯ್ಯ ಅಪರೂಪಕ್ಕೆ ನಗುತ್ತಾರೆ, ಆಗಲಿ ಎಂಬಂತೆ ತಲೆಯಾಡಿಸಿ ಹೊರಡುತ್ತಾರೆ.

ಅವರು ರಸ್ತೆಯ ತಿರುವು ದಾಟುವವರೆಗೂ ಇವರು ತಲೆ ಎತ್ತುವುದಿಲ್ಲ. ದಾಟಿದ್ದು ಖಾತ್ರಿಯಾದ ಮೇಲೆ ಬುಟ್ಟಿ ಅಲ್ಲೇ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನೇರ ನನ್ನ ಹತ್ತಿರ ಬರುತ್ತಾರೆ. ದನಿ ಪಿಸುಗುಟ್ಟುವಷ್ಟು ಸಣ್ಣದು.

"ನೀವೂ ಕೇಳುಸ್ಕಂಡ್ರಲ್ಲ ಸ್ವಾಮಿ? ಕರೆದ್ರು ತಾನೇ? ಪೇಪರ್‌ನಾಗೆ ಬೇರೇದೇನ್ ಬರುದ್ರೂ ಸರಿ, ಬುಟ್ರೂ ಸರಿ. ಕರೆದ್ರು ಅನ್ನೋದೊಂದು ಬರ್ಕಳಿ."